ಹೇಳದೇ ಬರುವ ಮೂವರು ನೆಂಟರು

ಮಕ್ಕಳೇ, ಬೇಸಿಗೆಯ ಒಂದು ರಾತ್ರಿ ಊಟ ಮುಗಿಸಿ ಕೈ ಒರೆಸಿಕೊಂಡ ಮೇಲೆ, ನಿಮ್ಮ ಮನೆಯ ಪಶ್ಚಿಮ ದಿಕ್ಕಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಗಂಟೆ ಒಂಬತ್ತಾಗಿರುತ್ತದೆ. ಸೂರ್ಯ ಮುಳುಗಿ ಎರಡು ಗಂಟೆಗೂ ಹೆಚ್ಚು ಹೊತ್ತಾಗಿರುತ್ತದೆ. ಆದರೂ ಗೋಡೆ ಬೆಚ್ಚಗಿರುತ್ತದೆ, ಒಲೆ ಆರಿಸಿದ ಮೇಲೂ ಅಡುಗೆಕಟ್ಟೆ ಬೆಚ್ಚಗಿರುವ ಹಾಗೆ.

ಈ ಬಿಸಿ ಯಾರದು? ಮಧ್ಯಾಹ್ನದ ಬಿಸಿಲಿನದು. ಇಟ್ಟಿಗೆ, ಕಾಂಕ್ರೀಟುಗಳ ಹೊರಮೈಗೆ ಬಿದ್ದ ಶಾಖ ಒಳಮೈಗೆ ಒಮ್ಮೆಲೇ ದಾಟುವುದಿಲ್ಲ. ನಿಧಾನವಾಗಿ, ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡು ಒಳಗೆ ಬರುತ್ತದೆ. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಯ ಬಿಸಿಲು ನಾವು ಮಲಗುವ ಹೊತ್ತಿಗೆ ನಮ್ಮ ಕೋಣೆ ಸೇರುತ್ತದೆ. ಆಗ ನಾವು ಫ್ಯಾನು ಜೋರು ಮಾಡುತ್ತೇವೆ. ಕೆಲವರು ಎ.ಸಿ. ಹಾಕುತ್ತಾರೆ. ಹಗಲು ಸುಮ್ಮನೆ ಒಳಗೆ ಬಿಟ್ಟುಕೊಂಡ ಶಾಖವನ್ನು ರಾತ್ರಿ ಕರೆಂಟು ಖರ್ಚು ಮಾಡಿ ಹೊರಗೆ ಕಳಿಸುತ್ತೇವೆ!

ಪ್ರತಿ ಮನೆಗೂ ಹೀಗೆ ಹೇಳದೇ ಬರುವ ನೆಂಟರು ಮೂವರಿದ್ದಾರೆ: ಬಿಸಿಲು, ಗಾಳಿ, ಮಳೆ. ಮೂವರೂ ಬರುವಾಗ ಕೈತುಂಬ ಏನಾದರೂ ತರುತ್ತಾರೆ. ಅವರು ತಂದದ್ದರಲ್ಲಿ ಯಾವುದನ್ನು ಒಳಗೆ ಇಟ್ಟುಕೊಳ್ಳಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ಬಲ್ಲ ಮನೆಯನ್ನು ‘ಹಸಿರು ಮನೆ’ ಎನ್ನುತ್ತಾರೆ. ಅದಕ್ಕೆ ಹಸಿರು ಬಣ್ಣ ಬಳಿದಿರಬೇಕಾಗಿಲ್ಲ. ಒಬ್ಬೊಬ್ಬ ನೆಂಟನನ್ನೂ ಸ್ವಲ್ಪ ಮಾತಾಡಿಸೋಣ.

ಮೊದಲ ನೆಂಟ: ಬಿಸಿಲು

ಬಿಸಿಲು ತರುವುದು ಎರಡು ಗಂಟು. ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಶಾಖ. ನಮ್ಮ ನಾಡಿನಲ್ಲಿ ಬೆಳಕು ವರ್ಷವಿಡೀ ಬೇಕು. ಶಾಖ ಸ್ನಾನದ ನೀರಿಗೆ ಬೇಕು, ಬಟ್ಟೆ ಒಣಗಲು ಬೇಕು, ಆದರೆ ಮಲಗುವ ಕೋಣೆಗೆ ಬೇಡ.

ಮನೆಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದು ಎಲ್ಲಿಗೆ? ತಾರಸಿಗೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ಪಕ್ಕದಲ್ಲಿ ನೆರಳೇ ಕಾಣುವುದಿಲ್ಲ. ಅದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಸೂರ್ಯ ಅಷ್ಟು ಎತ್ತರದಲ್ಲಿರುವಾಗ ಗೋಡೆಗಳಿಗೆ ಬಿಸಿಲು ಓರೆಯಾಗಿ ಸವರಿ ಹೋಗುತ್ತದೆ, ತಾರಸಿಗೆ ಮಾತ್ರ ನೇರವಾಗಿ ಬಡಿಯುತ್ತದೆ.

ತಾರಸಿಯನ್ನು ತಂಪಾಗಿಡುವ ಸುಲಭದ ದಾರಿ ಬಿಳಿ ಬಣ್ಣ. ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದರ ಮೇಲೆ ಕಪ್ಪು ಕಾಗದ, ಇನ್ನೊಂದರ ಮೇಲೆ ಬಿಳಿ ಕಾಗದ ಅಂಟಿಸಿ ಅರ್ಧ ಗಂಟೆ ಬಿಸಿಲಿನಲ್ಲಿಡಿ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಕಪ್ಪು ಬಿಸಿಲನ್ನು ನುಂಗುತ್ತದೆ, ಬಿಳಿ ಅದನ್ನು ಬಂದ ದಾರಿಗೇ ತಿರುಗಿಸುತ್ತದೆ. ತಾರಸಿಗೆ ಸುಣ್ಣವನ್ನೋ ಶಾಖ ತಡೆಯುವ ಬಿಳಿ ಬಣ್ಣವನ್ನೋ ಬಳಿದರೆ ನಡೆಯುವುದು ಇದೇ.

ಪಶ್ಚಿಮದ ಗೋಡೆಯ ಕಥೆ ಬೇರೆ. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಚಾಚಿರುವ ಸಜ್ಜ ಎತ್ತರದ ಸೂರ್ಯನನ್ನು ತಡೆಯುತ್ತದೆ. ಆದರೆ ಸಂಜೆಯ ಸೂರ್ಯ ಬಗ್ಗಿ ಬರುತ್ತಾನೆ, ಸಜ್ಜದ ಕೆಳಗಿಂದ ನುಸುಳುತ್ತಾನೆ. ಅವನನ್ನು ತಡೆಯಲು ಮರ ಬೇಕು, ಇಲ್ಲವೇ ಜಗಲಿ ಬೇಕು, ಇಲ್ಲವೇ ಗೋಡೆಯಿಂದ ಗೇಣು ದೂರದಲ್ಲಿ ಹಬ್ಬಿಸಿದ ಬಳ್ಳಿ ಬೇಕು. ಹೊಂಗೆಮರದ ನೆರಳು ಗೋಡೆಯ ನೆರಳಿಗಿಂತ ತಂಪು ಎಂದು ನಿಮಗೆ ಅನ್ನಿಸಿರಬಹುದು. ಅದು ನಿಜ. ಎಲೆಗಳು ಬಿಸಿಲನ್ನು ತಡೆಯುವುದರ ಜೊತೆಗೆ ನೀರಾವಿಯನ್ನೂ ಬಿಡುತ್ತವೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ.

ಇನ್ನು ಬೆಳಕಿನ ಗಂಟು. ಹಳೆಯ ಹೆಂಚಿನ ಮನೆಗಳಲ್ಲಿ ಕತ್ತಲೆ ಕೋಣೆಯ ಮೇಲೆ ಒಂದೆರಡು ಗಾಜಿನ ಹೆಂಚು ಇಡುತ್ತಿದ್ದರು. ಅದಕ್ಕೆ ಬೆಳಕಿಂಡಿ ಎಂಬ ಚೆಂದದ ಹೆಸರು. ಅಂಥದೊಂದು ಇದ್ದರೆ ಹಗಲಲ್ಲಿ ದೀಪ ಬೇಡ. ರಾತ್ರಿಗೆ ಎಲ್‌ಇಡಿ ಇದೆ. ಹಳೆಯ ಕಾಲದ ಗುಂಡು ಬಲ್ಬು 60 ವ್ಯಾಟ್ ಉಂಡು ಕೊಡುತ್ತಿದ್ದ ಬೆಳಕನ್ನು ಎಲ್‌ಇಡಿ 9 ವ್ಯಾಟ್ ಉಂಡು ಕೊಡುತ್ತದೆ. ಆ ಗುಂಡು ಬಲ್ಬು ತನ್ನ ಊಟದ ಬಹುಪಾಲನ್ನು ಶಾಖ ಮಾಡಿ ಚೆಲ್ಲುತ್ತಿತ್ತು. ಅದಕ್ಕೇ ಅದು ಮುಟ್ಟಿದರೆ ಸುಡುತ್ತಿತ್ತು.

ಹಾಗಾದರೆ ಮನೆಯಲ್ಲಿ ಹೆಚ್ಚು ಕರೆಂಟು ತಿನ್ನುವುದು ದೀಪವೇ? ಒಂದು ಲೆಕ್ಕ ಮಾಡೋಣ. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 45 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ದೀಪ 60 ಗಂಟೆಗೂ ಹೆಚ್ಚು ಉರಿಯುತ್ತದೆ! ಒಂದು ಬಕೆಟ್ ಬಿಸಿನೀರು ಅಂದರೆ ಎರಡೂವರೆ ದಿನಕ್ಕೂ ಹೆಚ್ಚು ಹೊತ್ತು, ಹಗಲೂ ರಾತ್ರಿ ಉರಿಯುವ ದೀಪ.

ಇಲ್ಲೇ ಬಿಸಿಲಿನ ಎರಡನೆಯ ಗಂಟು ಕೆಲಸಕ್ಕೆ ಬರುವುದು. ನಮ್ಮ ಊರುಗಳ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ನೋಡಿರುತ್ತೀರಿ. ಅದರ ನೀರಿನ ಡ್ರಮ್ಮು ಸಾಮಾನ್ಯವಾಗಿ ಕಪ್ಪು ಕೊಳವೆಗಳಿಗಿಂತ ಮೇಲೆ ಇರುತ್ತದೆ. ಯಾಕೆ ಗೊತ್ತೇ? ಬಿಸಿಯಾದ ನೀರು ಹಗುರಾಗಿ ತಾನಾಗಿಯೇ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಕೊಳವೆ ಮತ್ತು ಡ್ರಮ್ಮಿನ ನಡುವೆ ದಿನವಿಡೀ ನೀರು ಹೀಗೆ ಸುತ್ತುತ್ತಿರುತ್ತದೆ. ಪಂಪಿಲ್ಲ, ಮೋಟರಿಲ್ಲ. ಬಿಸಿಲಿನಿಂದ ಕರೆಂಟನ್ನೇ ಮಾಡುವ ಸೋಲಾರ್ ಫಲಕಗಳೂ ಈಗ ಬಂದಿವೆ. ಒಂದು ಕಿಲೋವ್ಯಾಟಿನ ಫಲಕಗಳು ಒಳ್ಳೆಯ ಬಿಸಿಲಿದ್ದ ದಿನ ಸುಮಾರು ನಾಲ್ಕು ಯೂನಿಟ್ ಕೊಡುತ್ತವೆ.

ಎರಡನೆಯ ನೆಂಟ: ಗಾಳಿ

ಗಾಳಿಗೆ ಒಂದು ಸ್ವಭಾವವಿದೆ. ಹೊರಗೆ ಹೋಗಲು ದಾರಿ ಇಲ್ಲದ ಮನೆಯೊಳಗೆ ಅದು ಕಾಲಿಡುವುದಿಲ್ಲ. ದೊಡ್ಡವರೊಬ್ಬರನ್ನು ಜೊತೆಗೆ ಕರೆದು, ಊದುಬತ್ತಿ ಹಚ್ಚಿ ತೆರೆದ ಕಿಟಕಿಯ ಹತ್ತಿರ ಹಿಡಿಯಿರಿ. ಎದುರಿನ ಬಾಗಿಲು ಮುಚ್ಚಿದ್ದರೆ ಹೊಗೆ ಅಲ್ಲೇ ತೂಗಾಡುತ್ತದೆ. ಬಾಗಿಲು ತೆರೆಯಿರಿ, ಹೊಗೆ ಒಮ್ಮೆಲೇ ಬಾಗಿ ಒಂದು ದಿಕ್ಕು ಹಿಡಿದು ಹೊರಡುತ್ತದೆ. ಆದ್ದರಿಂದ ಕಿಟಕಿಗೆ ಎದುರು ಕಿಟಕಿ ಇರಬೇಕು.

ಗಾಳಿಯ ಇನ್ನೊಂದು ಗುಣ, ಕಾದರೆ ಮೇಲೇರುವುದು. ಮೈಸೂರು ಸೀಮೆಯ, ಮಲೆನಾಡಿನ ಹಳೆಯ ತೊಟ್ಟಿ ಮನೆಗಳನ್ನು ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲವರು. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಜಗಲಿ, ಅದರಾಚೆ ಕೋಣೆಗಳು. ಕೋಣೆಯಲ್ಲಿ ಕಾದ ಗಾಳಿ ತೊಟ್ಟಿಯ ಕಡೆಗೆ ಬಂದು ಮೇಲೆ ಹೋಗುತ್ತದೆ. ಅದು ಬಿಟ್ಟ ಜಾಗ ತುಂಬಲು ಹೊರಗಿನ ತಂಗಾಳಿ ಕಿಟಕಿಗಳಿಂದ ಬರುತ್ತದೆ. ಗೋಡೆಯ ಮೇಲುಭಾಗದಲ್ಲಿ ಬಿಡುತ್ತಿದ್ದ ಪುಟ್ಟ ಗವಾಕ್ಷಿಗಳ ಕೆಲಸವೂ ಅದೇ. ಸೂರಿನ ಕೆಳಗೆ ಸೇರಿಕೊಂಡ ಬಿಸಿಗಾಳಿಗೆ ಅವು ಬಾಗಿಲು.

ಈಗ ಫ್ಯಾನಿನ ಬಗ್ಗೆ ಒಂದು ಪ್ರಶ್ನೆ. ಖಾಲಿ ಕೋಣೆಯಲ್ಲಿ ಒಂದು ಗಂಟೆ ಫ್ಯಾನು ತಿರುಗಿದರೆ ಕೋಣೆ ಎಷ್ಟು ತಂಪಾಗುತ್ತದೆ? ಸ್ವಲ್ಪವೂ ಆಗುವುದಿಲ್ಲ! ಮೋಟರಿನ ಬಿಸಿಯಿಂದ ಒಂದು ಚೂರು ಹೆಚ್ಚೇ ಕಾಯುತ್ತದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬರೀ ಓಡಿಸುತ್ತದೆ. ಓಡುವ ಗಾಳಿ ನಮ್ಮ ಮೈಮೇಲಿನ ಬೆವರನ್ನು ಬೇಗ ಆರಿಸುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಮಡಕೆಯ ಗುಟ್ಟೇ ನಮ್ಮ ಚರ್ಮದ್ದೂ. ಹಾಗಾಗಿ ಮೈ ಇಲ್ಲದ ಕಡೆ ಫ್ಯಾನಿಗೆ ಕೆಲಸವಿಲ್ಲ. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸಿ ಎಂದು ಅಮ್ಮ ಹೇಳುವುದರ ಹಿಂದೆ ಇಷ್ಟು ವಿಜ್ಞಾನವಿದೆ. ಹಳೆಯ ಮಾದರಿಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಅಂಗಡಿಯಲ್ಲಿ ಫ್ಯಾನು, ಫ್ರಿಜ್‌ಗಳ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರೆ. ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟಿನ ಹಸಿವು ಕಡಿಮೆ.

ಮೂರನೆಯ ನೆಂಟ: ಮಳೆ

ಮಳೆಯ ಲೆಕ್ಕ ಬಹಳ ಸೊಗಸು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಗರಗಳಲ್ಲಿ ‘ಮೂವತ್ತು–ನಲವತ್ತರ ಸೈಟು’ ಎನ್ನುತ್ತಾರಲ್ಲ, ಅಂಥ ಸೈಟಿನಲ್ಲಿ 100 ಚದರ ಮೀಟರ್ ಚಾವಣಿ ಇದೆ ಎಂದುಕೊಳ್ಳಿ. ಒಂದು ಸಂಜೆ 20 ಮಿಲಿಮೀಟರ್ ಮಳೆ ಬಂತು. ನೂರನ್ನು ಇಪ್ಪತ್ತರಿಂದ ಗುಣಿಸಿ: 2000 ಲೀಟರ್. ಬಿಸಿ ಬಜ್ಜಿ ತಿಂದು ಮುಗಿಸುವಷ್ಟರಲ್ಲಿ ಸಾವಿರ ಲೀಟರಿನ ಎರಡು ಟ್ಯಾಂಕು ತುಂಬುವಷ್ಟು ನೀರು ನಿಮ್ಮ ತಲೆಯ ಮೇಲೆ ಸುರಿದು ಚರಂಡಿ ಸೇರಿತು.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ಅದೇ ಚಾವಣಿಗೆ ವರ್ಷಕ್ಕೆ 97,000 ಲೀಟರ್. ಆರಿದ್ದು, ಚೆಲ್ಲಿದ್ದು ಕಳೆದು 75,000 ಉಳಿದರೂ, 15 ಲೀಟರಿನ ಕೊಡದಲ್ಲಿ 5,000 ಕೊಡ!

ಇದನ್ನು ಹಿಡಿದಿಡುವುದೇ ಮಳೆನೀರು ಕೊಯ್ಲು. ಮೊದಲ ಮಳೆ ಚಾವಣಿಯ ದೂಳು, ಎಲೆ, ಹಕ್ಕಿಯ ಹಿಕ್ಕೆಗಳನ್ನು ತೊಳೆಯುತ್ತದೆ, ಅದನ್ನು ಹೊರಗೆ ಬಿಡಬೇಕು. ಆಮೇಲಿನ ನೀರನ್ನು ಜಲ್ಲಿ, ಮರಳಿನ ಮೂಲಕ ಸೋಸಿ ತೊಟ್ಟಿಗೆ ಬಿಡಬೇಕು. ಮಿಕ್ಕದ್ದನ್ನು ಇಂಗುಗುಂಡಿಗೆ ಹರಿಸಿದರೆ ನೆಲದೊಳಗಿನ ನೀರು ಹೆಚ್ಚುತ್ತದೆ. ಬೆಂಗಳೂರಿನ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ತಮ್ಮ ಮನೆ ‘ಸೌರಭ’ವನ್ನು ಮಳೆನೀರನ್ನೇ ನಂಬಿ ಕಟ್ಟಿಸಿದರು. ಆ ಮನೆಯವರು ನಲ್ಲಿ ನೀರಿಗಾಗಿ ಕಾಯದೆ ವರ್ಷಗಟ್ಟಲೆ ಬದುಕಿ ತೋರಿಸಿದ್ದಾರೆ. 2009ರಲ್ಲಿ ಬೆಂಗಳೂರಿನ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು ಕಾನೂನೇ ಕಡ್ಡಾಯ ಮಾಡಿತು.

ನೀರು ಉಳಿಸಿದರೆ ಕರೆಂಟೂ ಉಳಿಯುತ್ತದೆಯೇ? ಉಳಿಯುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಊರು ಎತ್ತರದಲ್ಲಿದೆ, ನದಿ ತಗ್ಗಿನಲ್ಲಿದೆ. ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ದೊಡ್ಡ ಪಂಪುಗಳು ನೀರನ್ನು ಹಂತಹಂತವಾಗಿ ಎತ್ತುತ್ತವೆ. ಸಾವಿರ ಲೀಟರ್ ಎತ್ತಲು ಒಂದು ಯೂನಿಟ್‌ಗಿಂತ ಹೆಚ್ಚು ಕರೆಂಟು ಬೇಕೇ ಬೇಕು. ನಲ್ಲಿಯಿಂದ ಸುಮ್ಮನೆ ತೊಟ್ಟಿಕ್ಕುವ ಪ್ರತಿ ಹನಿಯೂ ಅಷ್ಟು ಬೆಟ್ಟ ಹತ್ತಿ ಬಂದದ್ದು. ಮಳೆಯಾದರೋ ಮೋಡದಿಂದ ನೇರ ನಿಮ್ಮ ಚಾವಣಿಗೇ ಇಳಿಯುತ್ತದೆ. ಯಾವ ಪಂಪೂ ಎತ್ತಬೇಕಾಗಿಲ್ಲ.

ಮಣ್ಣು ನೆಂಟನಲ್ಲ, ಮನೆಯವನೇ

ಮೂವರನ್ನೂ ಮಾತಾಡಿಸಿದೆವು. ಕಾಲ ಕೆಳಗೇ ಇರುವ ಒಬ್ಬನನ್ನು ಮರೆಯಬಾರದು. ಮನೆ ಕರೆಂಟು ತಿನ್ನಲು ಶುರು ಮಾಡುವ ಮೊದಲೇ, ಅದು ಹುಟ್ಟುವಾಗಲೇ ಬಹಳಷ್ಟು ಶಕ್ತಿ ಖರ್ಚಾಗಿರುತ್ತದೆ. ಸುಟ್ಟ ಇಟ್ಟಿಗೆಗೆ ಗೂಡಿನಲ್ಲಿ ಸೌದೆಯೋ ಕಲ್ಲಿದ್ದಲೋ ಉರಿದಿರುತ್ತದೆ. ಸಿಮೆಂಟಿಗೆ ಅದಕ್ಕಿಂತಲೂ ದೊಡ್ಡ ಕುಲುಮೆ ಉರಿದಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರು ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಹಳ್ಳಿಗಳಿಗೆ ಬೇಕಾದ ವಿಜ್ಞಾನವನ್ನು ಹುಡುಕುವುದು ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು, ಸುಡದೇ ಮಾಡುವ ಮಣ್ಣಿನ ಇಟ್ಟಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ರೂಪಿಸಿದರು. ಮಣ್ಣು, ಮರಳು, ಸ್ವಲ್ಪವೇ ಸಿಮೆಂಟು. ಕಲೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿಟ್ಟು ಬಿಗಿಯಾಗಿ ಒತ್ತಿ, ಕೆಲವು ವಾರ ನೀರು ಚಿಮುಕಿಸಿ ಹದ ಮಾಡಿದರೆ ಇಟ್ಟಿಗೆ ಸಿದ್ಧ. ಬೆಂಕಿಯ ಮಾತೇ ಇಲ್ಲ. ಪಾಯ ತೋಡಿದ ಮಣ್ಣು ಹದವಾಗಿದ್ದರೆ ಅದರಿಂದಲೇ ಗೋಡೆ ಏಳಬಹುದು.

ನಿಮ್ಮ ಕೈಯಲ್ಲಿ ಏನಿದೆ?

‘ನಮ್ಮದು ಬಾಡಿಗೆ ಮನೆ, ಗೋಡೆ ಬದಲಿಸುವುದು ಹೇಗೆ?’ ಎಂದು ನೀವು ಕೇಳಬಹುದು. ಬದಲಿಸಬೇಕಾಗಿಲ್ಲ. ನೆಂಟರನ್ನು ನೋಡಿಕೊಳ್ಳಲು ಸ್ವಂತ ಮನೆಯೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲು ಬೀಳುವ ಕಡೆಯ ಕಿಟಕಿ, ಪರದೆ ಮುಚ್ಚಿ. ಸಂಜೆ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಖಾಲಿ ಕೋಣೆಯ ಫ್ಯಾನು ಆರಿಸಿ. ಅಪ್ಪನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ ಕರೆಂಟಿನ ಮೀಟರಿನ ಅಂಕಿಯನ್ನು ಇವತ್ತು ಬರೆದಿಡಿ, ಒಂದು ವಾರದ ನಂತರ ಮತ್ತೆ ಬರೆದು ಕಳೆಯಿರಿ. ಮುಂದಿನ ವಾರ ಆ ಸಂಖ್ಯೆ ಒಂದೇ ಒಂದು ಕಡಿಮೆಯಾದರೂ ಅದು ನೀವು ಉಳಿಸಿದ ಯೂನಿಟ್.

ಇನ್ನು ಮುಂದಿನ ಮಳೆ ಬಂದಾಗ, ಸೂರಿನಿಂದ ನೀರು ಧಾರೆಯಾಗಿ ಬೀಳುವ ಕಡೆ ಒಂದು ಬಕೆಟ್ ಇಡಿ. ಅದು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಎಣಿಸಿ. ಮಳೆ ನಿಂತ ಮೇಲೆ ಆ ನೀರನ್ನು ಪಶ್ಚಿಮದ ಗೋಡೆಯ ಪಕ್ಕದಲ್ಲಿ ನೆಟ್ಟ ಬಳ್ಳಿಗೆ ಹಾಕಿ. ಬಳ್ಳಿ ಗೋಡೆಯ ಎತ್ತರಕ್ಕೆ ಹಬ್ಬಿದ ವರ್ಷ, ಬೇಸಿಗೆಯ ಒಂದು ರಾತ್ರಿ ಒಂಬತ್ತು ಗಂಟೆಗೆ ಅದೇ ಗೋಡೆಯ ಮೇಲೆ ಮತ್ತೆ ಅಂಗೈ ಇಟ್ಟು ನೋಡಿ.