ಎರಡು ವಿಮಾನಗಳ ನಡುವಿನ ಎರಡು ತಾಸು

(ಹಾನಗಲ್ಲಿನ ಯುವಕರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕೂ ತಾಲ್ಲೂಕಿನಲ್ಲಿ ವಿಮಾನ ಇಳಿಯುವ ಜಾಗ ಒಂದೂ ಇಲ್ಲ. ಆದರೆ ಈ ನೆಲದ ಮಕ್ಕಳಾದ ನೀವು ಇಂದು ವಿಮಾನದಲ್ಲೇ ಓಡಾಡುತ್ತೀರಿ. ಜಾತ್ರೆ ಮುಗಿಸಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹಾರಿ, ಇನ್ನೊಂದು ವಿಮಾನ ಹಿಡಿದು ದಿಲ್ಲಿಗೋ ದುಬೈಗೋ ಹೊರಡುತ್ತೀರಿ. ಸಂತೋಷ! ಆದರೆ ನಡುವೆ ದೇವನಹಳ್ಳಿಯಲ್ಲಿ ಎರಡು ತಾಸು ಸಿಗುತ್ತದಲ್ಲ, ಅದನ್ನು ಏನು ಮಾಡುತ್ತೀರಿ?

“ಮೊಬೈಲ್ ನೋಡುತ್ತೇವೆ, ಕಾಫಿ ಕುಡಿಯುತ್ತೇವೆ” ಎನ್ನುತ್ತೀರಿ. ಕುಡಿಯಿರಿ. ಆದರೆ ಆ ಕಾಫಿಯನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ?

ನಾನು ಪಿಯುಸಿ ಓದಿ ಅಚ್ಚಿನ ಮನೆ ನಡೆಸುವವನು. ನನಗೆ ಗೊತ್ತಿರುವ ಶಾಸ್ತ್ರ ಒಂದೇ. ಗಿರಾಕಿ ಕೇಳಿದ್ದು ಅಚ್ಚಾಗುತ್ತದೆ, ಕೇಳದ್ದು ಅಚ್ಚಾಗುವುದಿಲ್ಲ. ಲಗ್ನಪತ್ರಿಕೆ ಕನ್ನಡದಲ್ಲಿ ಬೇಕೆಂದರೆ ಕನ್ನಡ, ಇಂಗ್ಲಿಷಿನಲ್ಲಿ ಬೇಕೆಂದರೆ ಇಂಗ್ಲಿಷ್. ವಿಮಾನ ನಿಲ್ದಾಣದ ಅಂಗಡಿಯೂ ಹಾಗೆಯೇ. ಕನ್ನಡ ಬಲ್ಲ ಹುಡುಗನನ್ನು ಅವರು ಕೆಲಸಕ್ಕೆ ಇಟ್ಟುಕೊಳ್ಳುವುದು ಅಭಿಮಾನದಿಂದಲ್ಲ, ಗಿರಾಕಿ ಕನ್ನಡದಲ್ಲಿ ಕೇಳುತ್ತಾನೆ ಎಂಬ ಕಾರಣಕ್ಕೆ. ನೀವು ಹಿಂದಿಯಲ್ಲಿ ಕಾಫಿ ಕೇಳಿದ ದಿನ ಶಿಗ್ಗಾವಿಯ ಒಬ್ಬ ಹುಡುಗನ ಅರ್ಜಿ ಕಸದ ಬುಟ್ಟಿಗೆ ಬಿತ್ತು ಎಂದು ತಿಳಿಯಿರಿ! ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತು. ವರದಿಯನ್ನು ಸರಕಾರ ಮರೆಯಬಹುದು. ಗಿರಾಕಿಯ ಬಾಯಿಯನ್ನು ವ್ಯಾಪಾರಿ ಮರೆಯುವುದಿಲ್ಲ.

ಹಕ್ಕು ಇದೆ, ಕೇಳುವ ಬಾಯಿ ಬೇಕು

ಆ ನಿಲ್ದಾಣ ನಿಂತಿರುವುದು ಕನ್ನಡ ನೆಲದ ಸುಮಾರು 4,000 ಎಕರೆಯ ಮೇಲೆ. 2008ರ ಮೇ ತಿಂಗಳಲ್ಲಿ ಅದು ತೆರೆದಾಗ ಕೆಂಪೇಗೌಡರ ಹೆಸರು ಇರಲಿಲ್ಲ. ಕನ್ನಡಿಗರು ಕೇಳಿದರು, 2013ರಲ್ಲಿ ಹೆಸರು ಬಂತು. 2022ರ ನವೆಂಬರ್ 11ರಂದು 108 ಅಡಿಯ ಪ್ರತಿಮೆಯೂ ಎದ್ದು ನಿಂತಿತು. ಹೆಸರು ಬಂತು, ಪ್ರತಿಮೆ ಬಂತು. ಇನ್ನು ಮಾತು ಬರಬೇಡವೇ?

ವಿಮಾನ ನಿಲ್ದಾಣದ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಆಗಬೇಕೆಂದು 2018ರ ಡಿಸೆಂಬರಿನಲ್ಲಿ ಕೇಂದ್ರದ ಸೂಚನೆ ಹೊರಟಿತು. ಪ್ರಕಟಣೆಯನ್ನೇ ಮಾಡದ ‘ಸದ್ದಿಲ್ಲದ’ ನಿಲ್ದಾಣಗಳಿಗೆ ಮಾತ್ರ ವಿನಾಯಿತಿ. ಸದ್ದು ಇಲ್ಲದ ಕಡೆ ಉಳಿಯುವುದು ಬೋರ್ಡು ಒಂದೇ. ನಾಮಫಲಕದಲ್ಲಿ 60ರಷ್ಟು ಪಾಲು ಕನ್ನಡ ಇರಬೇಕೆಂದು ನಮ್ಮ ರಾಜ್ಯ 2024ರಲ್ಲಿ ಕಾನೂನು ತಿದ್ದಿತು. ಆದರೆ ಕಾನೂನು ತಾನೇ ಎದ್ದು ಹೋಗಿ ಬೋರ್ಡು ಅಳೆಯುವುದಿಲ್ಲ. ಅಳೆಯುವ ಕಣ್ಣು ನಿಮ್ಮದು.

ಎರಡು ತಾಸಿನ ಲೆಕ್ಕ

ಮೊದಲ ಕೆಲಸ, ಮುಂದಿನ ವಿಮಾನದ ಗೇಟು ಎಲ್ಲಿದೆ ಎಂದು ನೋಡಿಕೊಳ್ಳಿ. ಟರ್ಮಿನಲ್ 1ರಲ್ಲಿ ಇಳಿದು 2ರಿಂದ ಹೊರಡುವುದಿದ್ದರೆ ಬಸ್ಸು ಹತ್ತಿ ದಾಟಬೇಕು, ಮತ್ತೆ ತಪಾಸಣೆ ಆಗಬೇಕು. ಅದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ವಿಮಾನ ಏಳುವ 20-25 ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. ಕೆಂಪೇಗೌಡರ ಪ್ರತಿಮೆ ನೋಡಿ ಬರುತ್ತೇನೆಂದು ಹೊರಗೆ ಓಡಬೇಡಿ. ಪ್ರತಿಮೆ ಅಲ್ಲೇ ಇರುತ್ತದೆ, ವಿಮಾನ ಇರುವುದಿಲ್ಲ!

ಎರಡನೆಯದು, ಬಾಯಿ ತೆರೆದ ಕೂಡಲೇ ಕನ್ನಡ. ಕೌಂಟರಿನಲ್ಲಿ, ಕಾಫಿ ಅಂಗಡಿಯಲ್ಲಿ, ವಿಚಾರಣೆಯ ಮೇಜಿನಲ್ಲಿ. ಎದುರಿನವರಿಗೆ ತಿಳಿಯದಿದ್ದರೆ “ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ?” ಎಂದು ನಗುತ್ತಲೇ ಕೇಳಿ. ಜಗಳ ಬೇಡ. ತಪಾಸಣೆಗೆ ನಿಂತ ಜವಾನನೂ, ಲೋಟ ತೊಳೆಯುವ ಪರರಾಜ್ಯದ ಹುಡುಗನೂ ಹೊಟ್ಟೆಪಾಡಿಗೆ ಬಂದವರು. ನಮ್ಮ ತಕರಾರು ಆಡಳಿತದ ಜೊತೆ, ಬಡವರ ಜೊತೆಗಲ್ಲ. ಆ ಹುಡುಗನಿಗೆ ‘ಬಿಸಿ’, ‘ಸಾಕು’, ‘ಎಷ್ಟು’ ಎಂಬ ಮೂರು ಮಾತು ಕಲಿಸಿ ಬನ್ನಿ. ಅದೂ ಚಳವಳಿಯೇ.

ಮೂರನೆಯದು, ಕರಡು ತಿದ್ದುವ ಕೆಲಸ. ನಮ್ಮ ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡದೆ ಒಂದು ಹಾಳೆಯೂ ಹೊರಗೆ ಹೋಗುವುದಿಲ್ಲ. ನೀವು ಸುತ್ತಾಡುತ್ತಾ ಬೋರ್ಡುಗಳನ್ನು ಹಾಗೆಯೇ ಓದಿ. ಕನ್ನಡ ಇದೆಯೇ? ಇದ್ದರೆ ಮೇಲಿದೆಯೋ ಕೆಳಗಿದೆಯೋ? ಒತ್ತಕ್ಷರ, ದೀರ್ಘ ಸರಿ ಇದೆಯೇ? ತಪ್ಪು ಕಂಡರೆ ಫೋಟೋ ತೆಗೆಯಿರಿ. ತಪಾಸಣೆಯ ಜಾಗದಲ್ಲಿ ಮಾತ್ರ ಬೇಡ, ಅಲ್ಲಿ ನಿಷೇಧ. ಕುಳಿತಲ್ಲೇ ದಿನಾಂಕ, ಟರ್ಮಿನಲ್, ಗೇಟಿನ ಸಂಖ್ಯೆ ಹಾಕಿ ನಾಲ್ಕು ಸಾಲಿನ ದೂರನ್ನು ಕನ್ನಡದಲ್ಲೇ ಬರೆದು ನಿಲ್ದಾಣದವರಿಗೆ ಕಳಿಸಿ. ಯಾರಾದರೂ ಚೆನ್ನಾಗಿ ಕನ್ನಡದಲ್ಲಿ ಮಾತಾಡಿಸಿದರೆ ಅವರನ್ನು ಮೆಚ್ಚಿಯೂ ಬರೆಯಿರಿ. ಆ ಮೆಚ್ಚುಗೆ ಒಬ್ಬರ ನೌಕರಿ ಉಳಿಸಬಹುದು.

ಉಳಿದ ಹೊತ್ತು ಓದಿಗೆ

ಚೀಲದಲ್ಲಿ ಸವಣೂರಿನ ಖಾರಾ ಇರಲಿ, ಜೊತೆಗೆ ಒಂದು ಕನ್ನಡ ಪುಸ್ತಕವೂ ಇರಲಿ. ಯಾವುದು ಎಂದು ಕೇಳಬೇಡಿ, ನಮ್ಮ ನಾಲ್ಕು ತಾಲ್ಲೂಕಿನಲ್ಲೇ ಭಂಡಾರ ಇದೆ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಊರು. ರಾಗಿ ದೊಡ್ಡದೋ ಭತ್ತ ದೊಡ್ಡದೋ ಎಂಬ ‘ರಾಮಧಾನ್ಯ ಚರಿತೆ’ಯನ್ನು ಒಂದು ಕೂತಿಗೆ ಓದಬಹುದು. ಅದೇ ತಾಲ್ಲೂಕಿನ ಶಿಶುನಾಳದ ಶರೀಫರ ಪದಗಳಿವೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರಿನ ಜೊತೆ ಹೆಸರು ಬೆಸೆದುಕೊಂಡ ಸರ್ವಜ್ಞನಂತೂ ಮೂರೇ ಸಾಲಿನವನು, ಗೇಟಿನ ಸಾಲಿನಲ್ಲಿ ನಿಂತೇ ಓದಬಹುದು. ಕಣ್ಣು ದಣಿದರೆ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಶಿಷ್ಯಪರಂಪರೆಯ ಹಾಡು ಕೇಳಿ.

ಸವಣೂರನ್ನು ಕಡೆಗೆ ಇಟ್ಟಿದ್ದೇನೆ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ‘ಭಾರತ ಸಿಂಧು ರಶ್ಮಿ’ ಎರಡು ತಾಸಿಗೆ ಸಾಲದು, ಅದಕ್ಕೆ ಅಮೆರಿಕಕ್ಕೇ ಹಾರಬೇಕು! ಆದರೆ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಿ ಎಂದು 1981ರಲ್ಲಿ ಬಂದ ವರದಿಗೆ ಇಂದಿಗೂ ಅವರದೇ ಹೆಸರು. 1982ರಲ್ಲಿ ರಾಜಕುಮಾರರು ಬೀದಿಗಿಳಿದು ನಾಡೇ ಎದ್ದಿತಲ್ಲ, ಅದು ಗೋಕಾಕ್ ಚಳವಳಿ. ಆಗ ನಿಮ್ಮ ತಂದೆ ತಾಯಿಯರ ಪೀಳಿಗೆ ಬಿಸಿಲಿನಲ್ಲಿ ಮೆರವಣಿಗೆ ಹೋಯಿತು. ಹಾವೇರಿ ನೆಲದ ಗಳಗನಾಥರು ಅದಕ್ಕೂ ಮೊದಲೇ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಮಾರಿದರು. ನಿಮ್ಮಿಂದ ನಾವು ಅಷ್ಟು ಕೇಳುತ್ತಿಲ್ಲ. ಹವಾನಿಯಂತ್ರಿತ ಕಟ್ಟಡದಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಕೂತು ಎರಡು ತಾಸು ಕನ್ನಡಿಗರಾಗಿರಿ ಎನ್ನುತ್ತೇವೆ.

ಅಷ್ಟೂ ಆಗದೇ?

ಜೈ ಕರ್ನಾಟಕ!