ನೂರಕ್ಕೆ ನೂರು ತಗೊಂಡವಳು ಲಿಸ್ಟ್‌ನ ಕೊನೆಗೆ ಹೋಗಿದ್ದು ಹೇಗೆ?

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಒಂದು ಕಾಲೇಜಿನ ಡೇಟಾಬೇಸ್ ಅಂದ್ಕೊಳ್ಳಿ. ಐದು ಜನರ ಅಂಕ ಇದೆ: 100, 98, 72, 35, 9. ಸ್ಕಾಲರ್‌ಶಿಪ್‌ಗೆ ಮೊದಲ ಮೂವರು ಬೇಕು. ಆರ್ಡರ್ ಬೈ ಹಾಕಿ, ಜಾಸ್ತಿಯಿಂದ ಕಡಿಮೆಗೆ ಅಂತ ಹೇಳಿ, ಲಿಮಿಟ್ 3 ಕೊಟ್ರಿ. ಬಂದ ಉತ್ತರ ಏನು ಗೊತ್ತಾ? 98, 9, 72. ನೂರಕ್ಕೆ ನೂರು ತೆಗೆದ ಹುಡುಗಿ ಐದನೇ ಸ್ಥಾನದಲ್ಲಿ, ಅಂದ್ರೆ ಲಿಸ್ಟ್‌ನಿಂದಲೇ ಹೊರಗೆ. ಒಂಬತ್ತು ತಗೊಂಡವನಿಗೆ ಸ್ಕಾಲರ್‌ಶಿಪ್!

ಕ್ವೆರಿ ಸರಿಯಾಗೇ ಇದೆ. ಅಂಕದ ಕಾಲಮ್ ಅನ್ನು ಸಂಖ್ಯೆಯಾಗಿ ಇಡದೆ ಟೆಕ್ಸ್ಟ್ ಆಗಿ ಇಟ್ಟಿದ್ದಾರೆ, ಅಷ್ಟೇ. ಟೆಕ್ಸ್ಟ್ ಅಂದ ಮೇಲೆ ಡೇಟಾಬೇಸ್ ನಿಘಂಟಿನ ಥರ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತೆ. 100ರ ಮೊದಲ ಅಕ್ಷರ 1. ಅದು 9ಕ್ಕಿಂತ ಚಿಕ್ಕದು. ಅಲ್ಲಿಗೆ ಕಥೆ ಮುಗೀತು, ಮುಂದಿನ ಸೊನ್ನೆಗಳನ್ನ ಅದು ನೋಡೋದೇ ಇಲ್ಲ.

ಪಾಸ್ ಆದವರನ್ನ ಹುಡುಕುವಾಗ್ಲೂ ಇದೇ ಗೋಳು. ಪಾಸ್ ಮಾರ್ಕ್ 35 ಅಂತಿಟ್ಕೊಂಡು, ಟೆಕ್ಸ್ಟನ್ನ ಟೆಕ್ಸ್ಟ್ ಜೊತೆ ಹೋಲಿಸಿದ್ರೆ 9 ಪಾಸು, 100 ಫೇಲು. ಎಲ್ಲೂ ಎರರ್ ಬರಲ್ಲ. ನನಗೆ ಭಯ ಆಗೋದು ಅದಕ್ಕೇ. ನೂರಾರು ಹೆಸರಿರೋ ಲಿಸ್ಟ್‌ನಲ್ಲಿ ಒಂದು ಹೆಸರು ಇಲ್ಲ ಅಂತ ಯಾರು ಗಮನಿಸ್ತಾರೆ?

ಹಾಗಾದ್ರೆ ಅಂಕವನ್ನ ಟೆಕ್ಸ್ಟ್ ಆಗಿ ಯಾಕೆ ಇಡ್ತಾರೆ? ಬಹಳ ಸಲ ಕಾರಣ ಗೈರುಹಾಜರಿ. ಪರೀಕ್ಷೆಗೆ ಬರದವರ ಮುಂದೆ ‘ಎಬಿ’ ಅಂತ ಬರೀಬೇಕಲ್ಲ, ಸಂಖ್ಯೆಯ ಕಾಲಮ್‌ನಲ್ಲಿ ಅದು ಕೂರಲ್ಲ. ‘ಕ್ವೆರಿಯಲ್ಲೇ ಕಾಸ್ಟ್ ಮಾಡಿದ್ರಾಯ್ತು’ ಅಂತೀರಾ? ಮೈಎಸ್‌ಕ್ಯುಎಲ್‌ನಲ್ಲಿ ಹಾಗೆ ಸಂಖ್ಯೆಗೆ ಬದಲಾಯಿಸಿದ್ರೆ ‘ಎಬಿ’ ಸೊನ್ನೆ ಆಗುತ್ತೆ. ಬರದವನೂ, ಬಂದು ಸೊನ್ನೆ ತಗೊಂಡವನೂ ಒಂದೇ! ಪೋಸ್ಟ್‌ಗ್ರೆಸ್ ಆದ್ರೆ ಎರರ್ ಕೊಟ್ಟು ನಿಲ್ಲುತ್ತೆ. ನನ್ನ ಪ್ರಕಾರ ಅದೇ ವಾಸಿ. ಅಂಕಕ್ಕೆ ಸಂಖ್ಯೆಯ ಕಾಲಮ್, ಹಾಜರಿಗೆ ಬೇರೆ ಕಾಲಮ್, ಬರದವರ ಅಂಕ ನಲ್. ಇದು ಸರಿಯಾದ ದಾರಿ.

ದಿನಾಂಕನೂ ಹಾಗೇ. 01-12-2024 ಅಂತ ಟೆಕ್ಸ್ಟ್ ಆಗಿ ಬರೆದಿಟ್ರೆ ಅದು 02-01-2023ಕ್ಕಿಂತ ಮುಂಚೆ ಬರುತ್ತೆ. ಡೇಟ್ ಟೈಪ್ ಬಳಸಿ.

ಹಾಗಂತ ಅಂಕಿ ಕಂಡಿದ್ದೆಲ್ಲಾ ಸಂಖ್ಯೆ ಅಲ್ಲ. ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್‌ಗಳನ್ನ ಯಾರೂ ಕೂಡಲ್ಲ, ಕಳೆಯಲ್ಲ. ಅವು ಟೆಕ್ಸ್ಟ್ ಆಗೇ ಇರ್ಲಿ. ಖಾತೆ ನಂಬರ್ ಸೊನ್ನೆಯಿಂದ ಶುರುವಾದ್ರೆ ಸಂಖ್ಯೆಯ ಕಾಲಮ್ ಆ ಸೊನ್ನೆಯನ್ನ ನುಂಗಿಬಿಡುತ್ತೆ. ಎಕ್ಸೆಲ್ ಅಂತೂ 15 ಅಂಕಿ ಮಾತ್ರ ನೆನಪಿಡುತ್ತೆ, 16 ಅಂಕಿಯ ಕಾರ್ಡ್ ನಂಬರ್ ಹಾಕಿದ್ರೆ ಕೊನೆಯದು ಸೊನ್ನೆ ಆಗಿಬಿಡುತ್ತೆ.

ಇನ್ನು ಹೆಸರು, ಊರು ಇವೆಲ್ಲಾ ಟೆಕ್ಸ್ಟೇ ತಾನೆ, ಅಲ್ಲೇನು ತೊಂದರೆ ಅಂದ್ರೆ, ಕನ್ನಡದಲ್ಲಿ ಇದೆ ನೋಡಿ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರೋದು ಕೊನೆಗೆ, ‘ಹ’ ಆದಮೇಲೆ. ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ಲ’ ಪಕ್ಕದಲ್ಲೇ, ‘ವ’ಗಿಂತ ಮುಂಚೆ ಕೂತಿದೆ. ಡೇಟಾಬೇಸ್ ಬರೀ ಆ ಸಂಕೇತ ನೋಡಿ ಜೋಡಿಸಿದ್ರೆ ಮಳವಳ್ಳಿ ಮೊದಲು, ಮಸ್ಕಿ ಆಮೇಲೆ. ನಿಘಂಟಿನ ಕ್ರಮದಲ್ಲಿ ಮಸ್ಕಿನೇ ಮೊದಲು ಬರಬೇಕು. ಈ ಕ್ರಮವನ್ನ ತೀರ್ಮಾನಿಸೋ ಸೆಟ್ಟಿಂಗ್‌ಗೆ ಕೊಲೇಶನ್ ಅಂತಾರೆ. ನೀವು ಕನ್ನಡ ಆ್ಯಪ್ ಮಾಡ್ತಿದ್ರೆ ಇವತ್ತೇ ಈ ಎರಡು ಊರ ಹೆಸರು ಹಾಕಿ ಸಾರ್ಟ್ ಮಾಡಿ. ಏನು ಬಂತು ಅಂತ ನನಗೂ ಹೇಳಿ.