ರೊಟ್ಟಿಯ ಅಗಲ, ಸಂಘದ ಲೆಕ್ಕ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಹೊರಗೋಡೆಯ ಮೇಲೆ ಲಾಭ ಹಂಚಿಕೆಯ ಚಕ್ರ ಬರೆಸುವ ಪದ್ಧತಿಯನ್ನು ನಾವು ಕೆಲವು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದೇವೆ. ಅಂಕಿ-ಅಂಶ ಓದಲು ನಿಂತರೆ ಸಭೆಯಲ್ಲಿ ಅರ್ಧ ಜನ ತೂಕಡಿಸುತ್ತಾರೆ, ಸುಳ್ಳಲ್ಲ. ಚಕ್ರ ಹಾಗಲ್ಲ ನೋಡ್ರಿ. ರೊಟ್ಟಿ ಮುರಿದು ಹಂಚಿದವರಿಗೆಲ್ಲ ಅರ್ಧ ಯಾವುದು, ಕಾಲು ಯಾವುದು ಕಣ್ಣಳತೆಯಲ್ಲೇ ಗೊತ್ತು. ಒಂದು ತುಂಡು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು ಎಂಬುದೂ ಅಲ್ಲೇ ಕಾಣುತ್ತದೆ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನಿವ್ವಳ ಲಾಭದ ಶೇ. 25ಕ್ಕೆ ಕಡಿಮೆಯಿಲ್ಲದಷ್ಟು ಆಪದ್ಧನ ನಿಧಿಗೆ ಹೋಗಬೇಕು. ಇಡೀ ಚಕ್ರ 360 ಡಿಗ್ರಿ, ಅದರ ಕಾಲು 90. ಬಡಿಗೇರ ಮೂಲೆಮಟ್ಟ ಹಿಡಿದು ನೋಡಿದರೆ ಆ ತುಂಡು ಅದಕ್ಕಿಂತ ಕಿರಿದಾಗಿರಬಾರದು. ಕಿರಿದಾಗಿದ್ದರೆ ಕೇಳ್ರಿ, ಅದು ಸದಸ್ಯರ ಹಕ್ಕು.

ಈ ಬಗೆಯ ಚಕ್ರವನ್ನು ಅಚ್ಚು ಹಾಕಿಸಿದವರಲ್ಲಿ ಮೊದಲಿಗ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, 1801ರಲ್ಲಿ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾದಲ್ಲಿ ಎಷ್ಟು, ಯುರೋಪಿನಲ್ಲಿ ಎಷ್ಟು, ಆಫ್ರಿಕಾದಲ್ಲಿ ಎಷ್ಟು ಎಂದು ಒಂದೇ ಚಕ್ರ ಸೀಳಿ ತೋರಿಸಿದ. ದೇಶ ದೊಡ್ಡದಾದರೆ ಚಕ್ರವೂ ಆ ಪ್ರಮಾಣದಲ್ಲೇ ದೊಡ್ಡದು.

ನಾವು ಎಡವಿದ್ದು ಅಲ್ಲೇ. ಒಂದು ವರ್ಷ ಲಾಭ ಹಿಂದಿನದರ ಎರಡು ಪಟ್ಟಾಯಿತು. ಖುಷಿಯಲ್ಲಿ ಒಂದು ಅಡಿ ಅಗಲದ ಹಳೆ ಚಕ್ರದ ಪಕ್ಕದಲ್ಲಿ ಎರಡು ಅಡಿ ಅಗಲದ್ದನ್ನು ಬರೆಸಿದೆವು. ಜನ ನಿಂತು ನೋಡಿದರು. ಹಿರಿಯ ಸದಸ್ಯೆಯೊಬ್ಬರು ಮಾತ್ರ ತಲೆ ಅಲ್ಲಾಡಿಸಿದರು.

"ಅಲ್ರೋ ತಮ್ಮಾ, ಎರಡು ಪಟ್ಟು ಅಗಲದ ರೊಟ್ಟಿ ಬಡೀಬೇಕಂದ್ರ ನಾಕು ಉಂಡಿ ಹಿಟ್ಟು ಬೇಕು. ನೀವು ಎರಡೇ ಉಂಡಿ ಅಂತೀರಿ. ಉಳಿದ ಎರಡು ಎಲ್ಲಿ ಹೋದವು?"

ನಮಗೆ ಉತ್ತರ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ದುಡ್ಡು ಎಲ್ಲೋ ಸೋರಿದೆ ಎಂಬ ಮಾತು ಊರೆಲ್ಲ ಹಬ್ಬಿತ್ತು. ಪುಸ್ತಕದ ಲೆಕ್ಕ ಸರಿಯಿತ್ತು, ಗೋಡೆಯ ಲೆಕ್ಕ ತಪ್ಪಿತ್ತು. ಆದರೂ ಕೆಲವರು ಠೇವಣಿ ವಾಪಸು ಕೇಳಲು ಬಂದರು. ಅವರನ್ನು ನಾವು ದೂರುವುದಿಲ್ಲ. ಅಗಲ ಎರಡು ಪಟ್ಟಾದರೆ ಚಕ್ರದ ಮೈ ನಾಲ್ಕು ಪಟ್ಟಾಗುತ್ತದೆ. ಮೈ ಎರಡು ಪಟ್ಟಾಗಲು ಹನ್ನೆರಡು ಇಂಚಿಗೆ ಹದಿನೇಳು ಇಂಚು ಸಾಕು. ಅಕ್ಕನವರ ಎದುರಿಗೇ ಅಳಿಸಿ ಹದಿನೇಳಕ್ಕೆ ಬರೆಸಿದೆವು.

ಈ ಸಲದ ಎರಡು ಚಕ್ರಗಳೂ ಗೋಡೆಯ ಮೇಲಿವೆ. ಲಾಭ ಇಳಿದಿದೆ, ಅದಕ್ಕೇ ಎರಡನೆಯದು ಸಣ್ಣದು. ಟೇಪು ಗುಮಾಸ್ತರ ಮೇಜಿನ ಮೇಲಿದೆ. ಬೇಕಾದವರು ಹೋಗಿ ಅಳೆದು ನೋಡ್ರಿ.